ಬೆರ್ಗ್‌ನ ಎಂಟನೆಯ ಸ್ವರ

ಕೊನೆಗೂ ಎಂಟನೆಯ ಸ್ವರ ಕೈಗೆ ಒಗ್ಗಿತು. ಆಸ್ಟ್ರಿಯಾದ ಸಂಗೀತಕಾರ ಅಲ್ಬಾನ್ ಬೆರ್ಗ್ 1935ರಲ್ಲಿ ಬರೆದ ಪಿಟೀಲು ಕಾನ್ಸರ್ಟೊವನ್ನು (ಆರ್ಕೆಸ್ಟ್ರಾ ಜೊತೆ ಒಂಟಿ ಪಿಟೀಲು ನುಡಿಸುವ ಕೃತಿ) ಹಿಡಿದು ಕೂತ ಮೇಲೆ ಮುನ್ನಡೆ ಎನ್ನಬಹುದಾದದ್ದು ಇದೇ ಮೊದಲು.

ಮೊದಲ ತೊಡಕು ತಂತಿಯದು. ಆ ಕೃತಿಯಲ್ಲಿ ಪಿಟೀಲು ಒಳಬರುವುದೇ ಬೆರಳೂರದ ನಾಲ್ಕು ತಂತಿಗಳ ಮೇಲೆ: ಜಿ, ಡಿ, ಎ, ಇ, ಏರಿ ಹಾಗೆಯೇ ಇಳಿಯುತ್ತದೆ. ನಮ್ಮ ಕರ್ನಾಟಕ ಸಂಗೀತದ ಸ-ಪ-ಸ-ಪ ಶ್ರುತಿಯಲ್ಲಿ ಎಳೆದರೆ ಕಛೇರಿಗೆ ಮುಂಚೆ ಶ್ರುತಿ ಸೇರಿಸಿದಂತೆ ಕೇಳುತ್ತದೆ, ಅಷ್ಟೆ. ಹಾಗಾಗಿ ಹಳೆಯ ಪಿಟೀಲಿಗೆ ಬೇರೆ ತಂತಿ. ಗುಂಡು ತುದಿಯ ‘ಇ’ ಕೇಳಿದರೆ ಅಂಗಡಿಯವರು ಕುಣಿಕೆಯದನ್ನು ಕಳುಹಿಸಿದರು. ಬದಲಿಸಿ ಎಂದರೆ ಮತ್ತೆ ಕುಣಿಕೆಯದೇ, ಜೊತೆಗೆ ನಾನು ಕೇಳದ, ಕಮಾನಿಗೆ ಉಜ್ಜುವ ರಾಳಕ್ಕೂ ದುಡ್ಡು ಹಾಕಿದ್ದರು! ಅಷ್ಟರಲ್ಲಿ ಕಾಸರಗೋಡಿನ ಆಟಿ ತಿಂಗಳ ಮಳೆಗೆ ಬಿರಡೆಗಳು ಉಬ್ಬಿ ಕೂತವು. ಪೆನ್ಸಿಲಿನ ಸೀಸ ಉಜ್ಜಿ ಹೇಗೋ ತಿರುಗಿಸಿದೆ.

ನಿಜವಾದ ತಲೆನೋವು ಮುಂದಿತ್ತು. ಜಿಯನ್ನು ಷಡ್ಜ ಮಾಡಿಕೊಂಡು ಬೆರ್ಗ್‌ನ ಹನ್ನೆರಡು ಸ್ವರಗಳ ಸಾಲನ್ನು (ಹನ್ನೆರಡೂ ಸ್ವರಗಳು ಒಂದೊಂದೇ ಸಲ ಬರುವ, ಕೃತಿಗೆ ಬುನಾದಿಯಾದ ಕ್ರಮ) ಬರೆದು ನೋಡಿ, ಮೊದಲ ಏಳು ಹೀಗಿವೆ: ಸ, ಗ2, ಪ, ನಿ3, ರಿ2, ಮ1, ಧ2. ಅಪ್ಪಟ ಗೌರಿಮನೋಹರಿ ರಾಗ! ಗಾಂಧಾರಕ್ಕೆ (ಗ2) ಆಗಲೇ ಗಮಕ ಕೊಟ್ಟು, ಅಂದರೆ ಸ್ವರವನ್ನು ತೂಗಿ, ಹಾಯಾಗಿದ್ದ ಬೆರಳಿಗೆ ಎಂಟನೆಯದಾಗಿ ಶುದ್ಧ ರಿಷಭ (ರಿ1) ಎದುರಾಗುತ್ತದೆ. ಬೆರಳು ಒಪ್ಪದೆ ಚತುಶ್ರುತಿ ರಿಷಭಕ್ಕೇ (ರಿ2) ಜಾರುತ್ತಿತ್ತು. ಉಳಿದ ನಾಲ್ಕು, ಗ3, ಮ2, ಧ1, ನಿ2, ಋಷಭಪ್ರಿಯ ರಾಗದವೆಂದು ಮನಸ್ಸನ್ನು ಒಪ್ಪಿಸಬಹುದು. ಬೆರ್ಗ್‌ಗೆ ಅವು ಜರ್ಮನ್ ಸಂಗೀತಕಾರ ಬಾಖ್ ಬಳಸಿಕೊಂಡ ‘ಎಸ್ ಇಸ್ಟ್ ಗೆನುಗ್’ (‘ಸಾಕು’) ಸ್ತುತಿಗೀತೆಯ ಆರಂಭದ ನಡೆ. ಹದಿನೆಂಟರಲ್ಲೇ ತೀರಿಕೊಂಡ, ತನ್ನ ಆಪ್ತರ ಮಗಳು ಮಾನೊನ್ ಗ್ರೋಪಿಯಸ್‌ಳ ನೆನಪಿಗೆ ಬರೆದ ಕೃತಿ. ಕೊನೆಯಲ್ಲಿ ಪಿಟೀಲು ಆ ಗೀತೆಯನ್ನು ಹಾಡಿದರೆ ಕ್ಲಾರಿನೆಟ್‌ಗಳು ಉತ್ತರಿಸುತ್ತವೆ. ಗಂಟಲು ಕಟ್ಟುತ್ತದೆ, ಎಷ್ಟು ಕೇಳಿದರೂ.

ಗಮಕ ಬಿಟ್ಟೆ, ಕಾಲ ಇಳಿಸಿದೆ, ಸ್ವರ ಜಗ್ಗಲಿಲ್ಲ. ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಗಿ, ಷಡ್ಜವನ್ನು ಎಡೆಬಿಡದೆ ನುಡಿಸುವ ಶ್ರುತಿಪೆಟ್ಟಿಗೆ ನಿಂತಿತು. ಬೆರಳು ಶುದ್ಧ ರಿಷಭದ ಮೇಲೆ ಸರಿಯಾಗಿ ಕೂತಿತು! ಷಡ್ಜ ಹಿಂದೆ ಮೊಳಗುತ್ತಿರುವವರೆಗೆ ಉಳಿದವೆಲ್ಲ ಅದರ ಒಕ್ಕಲು. ಈ ಸಾಲಿನಲ್ಲಿ ಯಾರೂ ಒಡೆಯರಲ್ಲ. ಈಗ ಪೆಟ್ಟಿಗೆ ಕಪಾಟಿನಲ್ಲಿದೆ, ಕರೆಂಟು ಇದ್ದರೂ.

ಮುಂದಿನದು ಹಂಗೇರಿ ಮೂಲದ ಸಂಗೀತಕಾರ ಲಿಗೆಟಿ. ಅವನ ಪಿಟೀಲು ಕಾನ್ಸರ್ಟೊದಲ್ಲಿ ಆರ್ಕೆಸ್ಟ್ರಾದ ಒಂದು ಪಿಟೀಲು, ಒಂದು ವಯೋಲಾ ಬೇರೆಯೇ ಶ್ರುತಿಯಲ್ಲಿರುತ್ತವೆ. ಊದುವವರಲ್ಲಿ ಕೆಲವರು ಒಕರಿನಾ (ಮೊಟ್ಟೆಯಾಕಾರದ ಊದುವ ವಾದ್ಯ) ಹಿಡಿಯುತ್ತಾರೆ. ಮಣ್ಣಿನ ಒಕರಿನಾ ಇಲ್ಲೇ ಮಾಡಿಸುವ ಆಸೆ. ಸುಟ್ಟಾಗ ಮಣ್ಣು ಕುಗ್ಗುತ್ತದೆ, ಶ್ರುತಿ ಏರುತ್ತದೆ. ಹಸಿಯಾಗಿರುವಾಗ ಎಷ್ಟು ತಗ್ಗಿಸಿಡಬೇಕು? ಮಾಡಿದವರಿದ್ದರೆ ಹೇಳಿ.