ಉತ್ತರ ತಪ್ಪಾದಾಗ ಕೇಳಬೇಕಾದ ಪ್ರಶ್ನೆ

ಮಲ್ಪೆ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಮೌಲ್ಯಮಾಪನದ ಬಗ್ಗೆ ತರಬೇತಿಗಳಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಕಲಿತದ್ದು ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ಒಂದು ಕಳೆಯುವ ಲೆಕ್ಕದಿಂದ.

52ರಲ್ಲಿ 27 ಕಳೆಯಬೇಕಿತ್ತು. ಅವಳು 35 ಎಂದು ಬರೆದಿದ್ದಳು. ಹತ್ತಿರ ಕರೆದು ‘ಎಂಚ ಮಲ್ತ?’ (ಹೇಗೆ ಮಾಡಿದೆ?) ಎಂದು ಕೇಳಿದೆ. ಅವಳೂ ತುಳುವಿನಲ್ಲೇ ವಿವರಿಸಿದಳು. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲಿ ಎರಡು ತೆಗೆದೆ, ಐದು ಬಂತು. ಆಚೆ ಐದರಲ್ಲಿ ಎರಡು ಹೋದರೆ ಮೂರು. ಕಳೆಯುವುದು ಅವಳಿಗೆ ಚೆನ್ನಾಗಿಯೇ ಬರುತ್ತದೆ, ಒಂದು ದಶಕವನ್ನು ಹತ್ತು ಬಿಡಿಗಳಾಗಿ ಬಿಡಿಸುವುದೊಂದು ಬರುವುದಿಲ್ಲ. ಅವಳ ಅಮ್ಮ ಮೀನು ಮಾರುತ್ತಾರೆ. ‘ಬುಟ್ಟಿಯಲ್ಲಿ 52 ಬಂಗುಡೆ, 27 ಮಾರಿ ಹೋಯಿತು, ಉಳಿದದ್ದೆಷ್ಟು?’ ಎಂದೆ. ತಕ್ಷಣ 25 ಎಂದಳು. 27ಕ್ಕೆ ಮೂರು ಸೇರಿಸಿದರೆ 30, ಇನ್ನು 22 ಸೇರಬೇಕು ಅಂತೆ! ಮರುದಿನ ತೆಂಗಿನ ಕಡ್ಡಿಗಳನ್ನು ಹತ್ತತ್ತು ಕಟ್ಟು ಮಾಡಿ ಕೊಟ್ಟೆ. ಐದು ಕಟ್ಟು, ಎರಡು ಬಿಡಿ. 27 ಕೊಡು ಎಂದಾಗ ಯಾರೂ ಹೇಳದೆ ತಾನೇ ಒಂದು ಕಟ್ಟು ಬಿಚ್ಚಿದಳು.

ಎಫ್‌ಎ, ಅಂದರೆ ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಅಂಕ, ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. 35 ತಪ್ಪು, ಅಷ್ಟೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಾಯಿಪಾಠ ಕಮ್ಮಿಯಾಗಲಿ, ಪರೀಕ್ಷೆ ಕಲಿಕೆಗೆ ನೆರವಾಗಲಿ ಎನ್ನುತ್ತದೆ. ಶಿಕ್ಷಕರ ಮಾತಿನ ಜೊತೆಗೆ ಮಗುವಿನ ಮತ್ತು ಸಹಪಾಠಿಗಳ ಮಾತೂ ಇರುವ ಸಮಗ್ರ ಪ್ರಗತಿ ಪತ್ರ ಬೇಕು ಎನ್ನುತ್ತದೆ. ನಮ್ಮ ರಾಜ್ಯ ಆ ನೀತಿ ಬೇಡವೆಂದು, ತನ್ನದೇ ಶಿಕ್ಷಣ ನೀತಿ ರೂಪಿಸಲು 2023ರಲ್ಲಿ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಅವರ ಆಯೋಗ ಮಾಡಿತು. 2025ರ ಆಗಸ್ಟ್‌ನಲ್ಲಿ ವರದಿಯೂ ಬಂತು. ಜಗಳ ಏನೇ ಇರಲಿ, ಐದನೇ ತರಗತಿವರೆಗೆ ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಕಲಿಸಿ ಎಂಬಲ್ಲಿ ಎರಡೂ ಹತ್ತಿರವೇ ಇವೆ. ಆದರೆ ನಮ್ಮ ಕರಾವಳಿಯ ತರಗತಿಗೆ ಬಂದು ನೋಡಿ. ಒಂದೇ ಬೆಂಚಿನಲ್ಲಿ ತುಳು, ಕೊಂಕಣಿ, ಬ್ಯಾರಿ. ದಕ್ಕೆಯ (ಮೀನುಗಾರಿಕೆ ಬಂದರಿನ) ಕೆಲಸಕ್ಕೆ ಬಂದ ಕೊಪ್ಪಳ, ಬಾಗಲಕೋಟೆಯವರ ಮಕ್ಕಳ ಕನ್ನಡವೇ ಬೇರೆ. ಪುಸ್ತಕ ಕನ್ನಡದಲ್ಲೇ ಇರಲಿ. ವಿವರಿಸುವಾಗ ಮಗು ಮನೆಮಾತಿನಲ್ಲಿ ಮಾತಾಡಿದರೆ ತಡೆಯಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನನಗೆ ಬ್ಯಾರಿ ಬರುವುದಿಲ್ಲ, ಪಕ್ಕದ ಮಗುವೇ ಹೇಳಿಕೊಡುತ್ತದೆ.

2024ರ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೇ ತರಗತಿಗಳ ರಾಜ್ಯಮಟ್ಟದ ಬೋರ್ಡ್ ಪರೀಕ್ಷೆ ಕೋರ್ಟ್ ಆದೇಶದಿಂದ ಮಧ್ಯದಲ್ಲಿ ನಿಂತಿತು, ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ‘ನಾಳೆ ಪರೀಕ್ಷೆ ಉಂಟಾ ಟೀಚರ್?’ ಎಂದು ಕೇಳುತ್ತಿದ್ದರು. ಆ ಮಕ್ಕಳಿಗೆ ಎಲ್ಲಿ ಎಡವಿದ್ದೇವೆ ಎಂದು ತಿಳಿಯಲೇ ಇಲ್ಲ ಅಲ್ವಾ? ಅದು ನನಗೆ ಈಗಲೂ ಬೇಸರದ ವಿಷಯ.

ಈಗ ನಾನು ಮಾಡುವುದು ಸಣ್ಣ ಕೆಲಸ. ದಿನಕ್ಕೆ ಇಬ್ಬರು ಮೂವರನ್ನು ಕೂರಿಸಿಕೊಂಡು, ಉತ್ತರ ಸರಿಯಿದ್ದರೂ ಹೇಗೆ ಬಂತು ಎಂದು ಕೇಳುತ್ತೇನೆ. ಸರಿ ಉತ್ತರದ ಹಿಂದೆಯೂ ಸುಮ್ನೆ ನಕಲು ಮಾಡಿದ ದಾರಿ ಇರುತ್ತದೆ. ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಒಂದು ಸಾಲು ಬರೆದಿಡುತ್ತೇನೆ. ಬಹುವರ್ಗ, ಅಂದರೆ ಒಟ್ಟಿಗೆ ಹಲವು ತರಗತಿ ನಡೆಸುವ ಶಿಕ್ಷಕರಿಗೆ ಇದು ಸುಲಭವಲ್ಲ. ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನ ಎಂಟ್ರಿ ಎಲ್ಲ ಅವರ ತಲೆಯ ಮೇಲೇ ಇರುತ್ತದೆ. ಹೊಸ ಪ್ರಗತಿ ಪತ್ರ ಯಾರೇ ತರಲಿ, ಹಳೆಯ ದಾಖಲೆಗಳಲ್ಲಿ ಒಂದೆರಡನ್ನಾದರೂ ಮೊದಲು ಇಳಿಸಲಿ. ಮಗು ಮುಂದಿನ ತರಗತಿಗೆ ಹೋಗುವಾಗ ಗ್ರೇಡ್ ಜೊತೆ ಆ ಒಂದು ಸಾಲೂ ಹೋಗಲಿ. ನಮ್ಮ ಶಾಲೆಯಲ್ಲಿ ಐದನೇ ತರಗತಿಯ ಟೀಚರ್‌ಗೆ ಈ ಸಲ ಆ ಪುಸ್ತಕ ಕೊಟ್ಟಿದ್ದೇನೆ.