ಮೂರು ದಿನ, ಆರು ಡಬ್ಬಿ, ಒಂದು ಕೌದಿ

ಕಲಬುರಗಿ
14 ಏಪ್ರಿಲ್ 2025, ಸೋಮವಾರ, ರಾತ್ರಿ 10.40

ಟಿವಿಗೆ ಮೂರು ದಿನದಿಂದ ಜೋಡಿಸಿದ ಸ್ಪೀಕರ್ ಎಲ್ಲ ಹತ್ತಕ್ಕೆ ಸರಿಯಾಗಿ ಬಂದ್ ಮಾಡಿದೆ. ಕೆಳಗಿನ ಮನೆ ಕಾಕಾಗೆ ಮಾತು ಕೊಟ್ಟಾಗಿದೆ. ಈಗ ಹಾಲ್‌ನಲ್ಲಿ ಕೂಲರ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೆಬ್ಬೆರಳಿಗೆ ವೈರ್‌ನ ತಾಮ್ರದ ಎಳೆ ಚುಚ್ಚಿ ಉರಿಯುತ್ತಿದೆ, ಮೊಣಕಾಲೂ ನೋಯುತ್ತಿದೆ. ಮೊಣಕಾಲಿನ ಕತೆ ಆಮೇಲೆ.

ಇದೆಲ್ಲ ಶುರುವಾದದ್ದು ಅವ್ವನಿಂದ. ಯುಗಾದಿಗೆ ಊರಿಂದ ಬಂದವಳು ಇಲ್ಲೇ ಉಳಿದಿದ್ದಾಳೆ. ಸಂಜೆ ಟಿವಿ ಮುಂದೆ ಕೂತರೆ ಒಂದೇ ರಾಗ: "ಏನ್ ಅಂತಾರೋ ಒಂದೂ ತಿಳಿವಲ್ದು. ಬರೇ ಧಡ್ ಧಡ್ ಅಂತದ." ವಯಸ್ಸಾಯಿತು, ಕಿವಿ ಮಂದ ಆಗಿರಬೇಕು ಅಂದುಕೊಂಡಿದ್ದೆ. ಒಂದು ದಿನ ಅವಳ ಜಾಗದಲ್ಲಿ ಹೋಗಿ ಕೂತೆ. ನನಗೂ ತಿಳಿಯಲಿಲ್ಲ.

ಕಾರಣ ಕಣ್ಣೆದುರೇ ಇತ್ತು. ಟಿವಿ ತೆಳ್ಳಗಾದಷ್ಟೂ ಅದರ ಸ್ಪೀಕರ್‌ಗಳು ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತವೆ. ಮಾತು ನೇರ ನಮ್ಮ ಕಡೆ ಬರುವುದಿಲ್ಲ, ಗೋಡೆಗೆ ಬಡಿದು ಬರುತ್ತದೆ. ಅದರ ಮೇಲೆ ಕೂಲರ್. ಕಲಬುರಗಿಯ ಏಪ್ರಿಲ್‌ನಲ್ಲಿ ಕೂಲರ್ ಆರಿಸಿ ಟಿವಿ ನೋಡಿ ಅನ್ನುವವರು ಈ ಊರಿನವರೇ ಅಲ್ಲ. ಫೋನ್‌ನ ಆ್ಯಪ್ ಹಿಡಿದು ಅಳೆದೆ. ಅವ್ವ ಕೂರುವ ದಿವಾನ್ ಹತ್ತಿರ ಬರೀ ಕೂಲರ್‌ದೇ 58 ಡೆಸಿಬಲ್. ಫೋನ್ ತೋರಿಸುವುದು ಕರಾರುವಾಕ್ ಅಲ್ಲ, ಇರಲಿ. ಎದುರು ಕೂತು ಇಬ್ಬರು ಮಾತಾಡಿದಷ್ಟು ಸದ್ದನ್ನು ಅದೊಂದೇ ಮಾಡುತ್ತಿತ್ತು.

ಸೌಂಡ್‌ಬಾರ್ ತಗೋ, ಸುಮ್ನೆ ಯಾಕೆ ತಲೆಬಿಸಿ ಅಂದ ಗೆಳೆಯ. ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಅದರಲ್ಲಿ ಸ್ಪೀಕರ್‌ಗಳೆಲ್ಲ ಒಂದೇ ಉದ್ದ ಪಟ್ಟಿಯೊಳಗೆ ಇರುತ್ತವೆ, ಒಂದು ಭಾಗ ಕೆಟ್ಟರೆ ಇಡೀ ಪಟ್ಟಿಯೇ ಮೂಲೆ ಸೇರುತ್ತದೆ. ಬಿಡಿ ಬಿಡಿಯಾಗಿದ್ದರೆ ಒಂದೊಂದನ್ನೇ ಬದಲಿಸಬಹುದು. ಖರೆ ಹೇಳಬೇಕೆಂದರೆ, ನನಗೆ ಆ ತಲೆಬಿಸಿಯೇ ಬೇಕಿತ್ತು.

ಹಾಗಾಗಿ 5.1. ಐದು ಸ್ಪೀಕರ್, ಆ 'ಪಾಯಿಂಟ್ ಒಂದು' ಅಂದರೆ ಬೇಸ್‌ಗೆಂದೇ, ತೀರ ತಗ್ಗಿನ ಗುಡುಗು ಸದ್ದಿಗೆಂದೇ ಇರುವ ಸಬ್‌ವೂಫರ್. ಎಲ್ಲರೂ ಮಾತಾಡುವುದು ವೂಫರ್ ಬಗ್ಗೆಯೇ. ನನಗೆ ಬೇಕಿದ್ದದ್ದು ನಡುವೆ ಕೂರುವ ಸೆಂಟರ್ ಸ್ಪೀಕರ್. ಸಿನಿಮಾದ ಮಾತು ಬಹುಪಾಲು ಅದರಲ್ಲೇ ಬರುತ್ತದೆ. ಬರೀ ಎರಡು ಸ್ಪೀಕರ್ ಇದ್ದರೆ ಆ ಮಾತೆಲ್ಲ ಎಡಬಲಕ್ಕೆ ಹಂಚಿಹೋಗಿ, ಸಂಗೀತ, ಮಳೆ, ಹೊಡೆದಾಟದ ಜೊತೆ ಒಂದೇ ಕೊಡದ ನೀರಾಗುತ್ತದೆ.

ಇಪ್ಪತ್ತು ಸಾವಿರ ದಾಟಬಾರದು ಅಂತ ಮನೆಯವಳ ಷರತ್ತು. ಹೈದರಾಬಾದ್‌ನಲ್ಲಿರುವ ಗೆಳೆಯ ಅಲ್ಲಿ ಯಾರದೋ ಹಳೇ ರಿಸೀವರ್ (ಟಿವಿಯ ಸದ್ದನ್ನು ಎಲ್ಲ ಸ್ಪೀಕರ್‌ಗೆ ಹಂಚುವ ಪೆಟ್ಟಿಗೆ) 8,500ಕ್ಕೆ ಕುದುರಿಸಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದ. ಹನ್ನೊಂದು ಕಿಲೋ ಭಾರ, ಕೂಸಿನ ಹಾಗೆ ತಂದಿದ್ದಾನೆ ಪುಣ್ಯಾತ್ಮ. ಮುಂದಿನ ಎರಡು ಬುಕ್‌ಶೆಲ್ಫ್ ಸ್ಪೀಕರ್ 4,000, ಸೆಂಟರ್ 2,500, ಎಂಟು ಇಂಚಿನ ಸಬ್‌ವೂಫರ್ 4,500. ಎಲ್ಲ ಸೆಕೆಂಡ್ ಹ್ಯಾಂಡ್. ಹಿಂದಿನ ಎರಡಕ್ಕೆ ಖರ್ಚಿಲ್ಲ, ಸತ್ತುಹೋದ ಹಳೇ ಸೆಟ್‌ನ ಪುಟ್ಟ ಡಬ್ಬಿಗಳು ಲಾಫ್ಟ್ ಮೇಲೆ ಇದ್ದವು. ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ 16 ಗೇಜ್ ತಾಮ್ರದ ವೈರ್ 30 ಮೀಟರ್, 900. ಒಟ್ಟು 20,400. ಮೇಲಿನ ನಾನೂರು ಇನ್ನೂ ಮನೆಯಲ್ಲಿ ಹೇಳಿಲ್ಲ.

ವೈರ್ ಕೊಟ್ಟ ಅಂಗಡಿಯವ ಹೊಸ ಸೆಟ್ ತೋರಿಸಿದ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರಾರು ವ್ಯಾಟ್, ಪಕ್ಕದಲ್ಲಿ ಇರುವೆಯಷ್ಟು ಪಿಎಂಪಿಒ. ಕ್ಷಣಮಾತ್ರದ ಲೆಕ್ಕ ತೋರಿಸುವ ಈ ಪಿಎಂಪಿಒಗೆ ಅರ್ಥವೇ ಇಲ್ಲ, ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್. ಅದೂ ಅಷ್ಟೇನೂ ದೊಡ್ಡದಾಗಬೇಕಿಲ್ಲ. ವ್ಯಾಟ್ ಎರಡು ಪಟ್ಟು ಮಾಡಿದರೂ ಸದ್ದು ಏರುವುದು ಬರೀ 3 ಡೆಸಿಬಲ್, ಕಿವಿಗೆ 'ತುಸು ಜಾಸ್ತಿ ಆಯ್ತು' ಅನ್ನಿಸುವಷ್ಟು. ನಮ್ಮ ಕಾಲದಲ್ಲಿ ಮಾಮಾನ ಮನೆಯ ಟೇಪ್‌ರೆಕಾರ್ಡರ್‌ಗೆ ಆರಿಂಚಿನ ವೂಫರ್ ಇತ್ತು. ಅದಕ್ಕೆ ಡಬ್ಬಿಯೂ ಇರಲಿಲ್ಲ, ಬಾಯಿ ಮೇಲೆ ಮಾಡಿಟ್ಟ ಮಣ್ಣಿನ ಗಡಿಗೆ. ಸ್ಪೀಕರ್‌ನ ಮುಂದಿನ ಅಲೆಯೂ ಹಿಂದಿನ ಅಲೆಯೂ ಎದುರಾಬದುರಾ. ಎರಡೂ ಕೂಡಿದರೆ ಬೇಸ್ ಸತ್ತುಹೋಗುತ್ತದೆ. ಗಡಿಗೆ ಹಿಂದಿನದನ್ನು ಒಳಗೇ ಹಿಡಿದಿಡುತ್ತಿತ್ತು. ಮಾಮಾನಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಗಡಿಗೆ ಗೊತ್ತಿತ್ತು.

ಶನಿವಾರ ಎರಡನೇ ಶನಿವಾರ, ನಿನ್ನೆ ಭಾನುವಾರ, ಇವತ್ತು ಅಂಬೇಡ್ಕರ್ ಜಯಂತಿ. ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತ್ತು. ಹೇಗೂ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ. ಉಳಿದ ಕೆಲಸ ಇದ್ದರೆ ಮಧ್ಯಾಹ್ನಗಳಲ್ಲಿ ಮುಗಿಸೋಣ ಅಂದುಕೊಂಡಿದ್ದೆ. ಮಧ್ಯಾಹ್ನ ಊರೆಲ್ಲ ಮಲಗಿರುತ್ತದೆ ಅನ್ನುವುದು ತಲೆಗೆ ಬರಲಿಲ್ಲ.

ಶನಿವಾರ ವೈರ್‌ನಲ್ಲೇ ಹೋಯಿತು. ಟಿವಿಯಲ್ಲಿ ಮೂರು ಎಚ್‌ಡಿಎಂಐ ಕಿಂಡಿ, ಅದರಲ್ಲಿ ಎಆರ್‌ಸಿ ಅಂತ ಬರೆದದ್ದು ಒಂದೇ. ಟಿವಿಯ ಸದ್ದು ರಿಸೀವರ್‌ಗೆ ವಾಪಸ್ ಹೋಗುವುದು ಅದರಿಂದ ಮಾತ್ರ. ನಾನು ಬೇರೆಯದರಲ್ಲಿ ಚುಚ್ಚಿ ಅರ್ಧ ಗಂಟೆ ರಿಸೀವರ್‌ಗೆ ಬೈದೆ. ಆಮೇಲೆ ಟಿವಿಯ ಸೆಟ್ಟಿಂಗ್‌ನಲ್ಲಿ ಪಿಸಿಎಂ, ಅಂದರೆ ಸದ್ದನ್ನು ಟಿವಿಯೇ ಬಿಡಿಸಿ ಕಳಿಸುವ ಬಗೆ, ಇದ್ದದ್ದು ಕಂಡಿತು. ಅದು ಹಾಗೇ ಇದ್ದರೆ ಎಆರ್‌ಸಿಯಲ್ಲಿ ಬರೋದು ಎರಡೇ ಚಾನೆಲ್. ಬಿಡಿಸದೆ ಹಾಗೇ ಕಳಿಸುವ ಬಿಟ್‌ಸ್ಟ್ರೀಮ್‌ಗೆ ತಿರುಗಿಸಿದ ಮೇಲೆ ರಿಸೀವರ್ ಮುಖದ ಮೇಲೆ ಐದೂ ದೀಪ ಹತ್ತಿದವು.

ದೀಪ ಹತ್ತಿದರೂ ಸದ್ದು ಯಾಕೋ ಟೊಳ್ಳು. ಹಾಡುವವ ಎದುರಿಗಿಲ್ಲ, ಎಲ್ಲೋ ಹಿತ್ತಲಿನಲ್ಲಿ ನಿಂತು ಹಾಡಿದಂತೆ. ಬಲಗಡೆ ಸ್ಪೀಕರ್‌ನಲ್ಲಿ ವೈರ್‌ನ ಕೆಂಪು ಕಪ್ಪು (ಪ್ಲಸ್ ಮೈನಸ್) ಅದಲು ಬದಲಾಗಿರಬೇಕು ಅನ್ನಿಸಿತು. ಮಗ ಗಡಿಯಾರದ ಸೆಲ್ ತೆಗೆದು ತಂದ. ರಿಸೀವರ್‌ನಿಂದ ವೈರ್ ಬಿಡಿಸಿ, ಅದರ ತುದಿಯನ್ನು ಒಂದೂವರೆ ವೋಲ್ಟ್ ಸೆಲ್‌ಗೆ ಒಂದು ಕ್ಷಣ ಮುಟ್ಟಿಸಿದರೆ ಸಾಕು. ಸರಿ ಇದ್ದರೆ ಕೋನ್ ಹೊರಗೆ ಬರುತ್ತದೆ, ಉಲ್ಟಾ ಇದ್ದರೆ ಒಳಗೆ ಹೋಗುತ್ತದೆ. ಎಡಗಡೆಯದು ಟಪ್ ಅಂತ ಹೊರಗೆ ಬಂತು. ಬಲಗಡೆಯದು ಬಸವನ ಹುಳದ ಹಾಗೆ ಒಳಗೆ ಸರಿಯಿತು. ಬದಲಿಸಿದೆವು. ಹಾಡುವವ ಹಿತ್ತಲಿನಿಂದ ಹಾಲ್‌ಗೆ ಬಂದ. ಗಡಿಯಾರ ಇನ್ನೂ ಶನಿವಾರದ ಹತ್ತೂ ಇಪ್ಪತ್ತರಲ್ಲೇ ನಿಂತಿದೆ.

ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಬಂದಿತ್ತು. ಅದನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಇಟ್ಟರೆ, ಪ್ರತಿ ಡಬ್ಬಿ ಎಷ್ಟು ದೂರ ಇದೆ, ಎಷ್ಟು ಜೋರಾಗಿದೆ ಅಂತ ತಾನೇ ಅಳೆದುಕೊಳ್ಳುತ್ತದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹತ್ತಿರದ ಸ್ಪೀಕರ್ ಅಷ್ಟು ಹೊತ್ತು ಕಾಯಬೇಕು, ಎಲ್ಲವೂ ಕಿವಿಗೆ ಒಟ್ಟಿಗೆ ಮುಟ್ಟಲಿ ಅಂತ. ಇಷ್ಟಕ್ಕೆ ಮನೆ ನಿಶ್ಶಬ್ದವಾಗಿರಬೇಕು. ಅಂದರೆ ಕೂಲರ್ ಬಂದ್, ಫ್ಯಾನ್ ಬಂದ್, ಕಿಟಕಿ ಬಂದ್. ಆರು ನಿಮಿಷ. ಅವ್ವ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ "ಇದೇನ್ ಪೂಜಾನೋ ನಿಂದು?" ಅಂದಳು. ಆ ಮಾತೂ ಮೈಕ್‌ಗೆ ಬಿತ್ತು. ಮತ್ತೆ ಮೊದಲಿನಿಂದ ಆರು ನಿಮಿಷ.

ನಿನ್ನೆ ಸಬ್‌ವೂಫರ್ ದಿನ. ಬೇಸ್ ಕೋಣೆಯ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಮಾಯ ಆಗುತ್ತದೆ. ಒಳ್ಳೆ ಜಾಗ ಹುಡುಕಲು ಒಂದು ಹಳೇ ಉಪಾಯ ಇದೆ. ಡಬ್ಬಿಯನ್ನು ನಾವು ಕೂರುವ ದಿವಾನ್ ಮೇಲೆ ಇಟ್ಟು ಬೇಸ್ ಜಾಸ್ತಿ ಇರುವ ಹಾಡು ಹಚ್ಚಬೇಕು, ನಾವು ಗೋಡೆಗುಂಟ ಅಂಬೆಗಾಲಿಡಬೇಕು. ಎಲ್ಲಿ ಸದ್ದು ಸಮನಾಗಿ ಕೇಳುತ್ತದೋ ಅಲ್ಲಿ ಡಬ್ಬಿ. ನಲವತ್ತೇಳು ವರ್ಷದವ ಟೈಲ್ಸ್ ಮೇಲೆ ಎರಡು ಸುತ್ತು ಹಾಕಿದೆ. "ಏನ್ ಕಳಕೊಂಡಿಯಪ್ಪಾ?" ಅಂತ ಅವ್ವ ಕನ್ನಡಕ ಹಾಕಿಕೊಂಡು ತಾನೂ ಹುಡುಕಲು ಶುರು ಮಾಡಿದಳು. ಮೊಣಕಾಲಿನ ಕತೆ ಇದೇ. ಸಿಕ್ಕ ಜಾಗ ಬಾಲ್ಕನಿ ಬಾಗಿಲ ಪಕ್ಕ. ನಡೆಯುವ ದಾರಿ ಅದು, ಮನೆಯವಳು ಒಪ್ಪಲಿಲ್ಲ. ಹಾಗಾಗಿ ಡಬ್ಬಿ ಮೂಲೆಗೆ ಹೋಯಿತು. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ಬೇಸ್ ಇನ್ನೂ ಜೋರು. ನನಗೆ ಖುಷಿಯೋ ಖುಷಿ.

ಮಧ್ಯಾಹ್ನ ಮೂರಕ್ಕೆ ಬೆಲ್ ಆಯಿತು. ಕೆಳಗಿನ ಮನೆ ಕಾಕಾ. ಲುಂಗಿ, ಹೆಗಲಿಗೆ ಟವೆಲ್, ಕಣ್ಣು ಕೆಂಪು.

"ಮ್ಯಾಲ ಏನರೆ ಗಿರಣಿ ಹಾಕೀರೇನ್ರಿ?"

ಕ್ಷಮಿಸಿ ಅಂದೆ. ಅವರು ಜಗಳಕ್ಕೆ ಬಂದವರಲ್ಲ. "ಹಾಡು ಕೇಳಿದ್ರ ನನಗೇನಿಲ್ಲ. ಹಾಡೇ ಕೇಳಂಗಿಲ್ಲಲ್ರಿ, ಬರೇ ಅದರ ಗುದ್ದು. ಬರ್ರಿ, ನೀವೇ ಕೇಳ್ರಿ" ಅಂತ ಕರೆದುಕೊಂಡು ಹೋದರು. ನಾನು ಅವರ ಹಾಲ್‌ನಲ್ಲಿ ನಿಂತೆ, ಮೇಲೆ ಮಗ. ನನ್ನ ಸಂಗೀತದಲ್ಲಿ ಹಾಡಿಲ್ಲ, ತಬಲಾ ಇಲ್ಲ. ಸ್ಲ್ಯಾಬ್ ಒಳಗೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದಾರೆ. ಅಡುಗೆಮನೆಯ ಶೆಲ್ಫ್ ಮೇಲೆ ಸ್ಟೀಲ್ ಡಬ್ಬಗಳ ಸಾಲು, ಅದರಲ್ಲಿ ಒಂದು, ತೊಗರಿಬೇಳೆಯದು, ಮುಚ್ಚಳ ಗಿರ್ರ್ ಅಂತ ನಡುಗುತ್ತಿತ್ತು. ಉಳಿದವು ಸುಮ್ಮನಿದ್ದವು.

ಆ ಮುಚ್ಚಳವೇ ನನಗೆ ದಾರಿ ತೋರಿಸಿತು. ಮಗನಿಗೆ ಫೋನ್ ಹಚ್ಚಿ ಆ್ಯಪ್‌ನಿಂದ ಒಂದೊಂದೇ ಸ್ವರ ಬಿಡಲು ಹೇಳಿದೆ. ಮೂವತ್ತು ಹರ್ಟ್ಝ್, ಏನಿಲ್ಲ. ನಲವತ್ತು, ಸಣ್ಣಗೆ. ನಲವತ್ತೇಳಕ್ಕೆ ಬಂದಾಗ ತೊಗರಿ ಡಬ್ಬಿ ಹುಚ್ಚೆದ್ದು ಕುಣಿಯಿತು. ಐವತ್ತೈದಕ್ಕೆ ಮತ್ತೆ ತಣ್ಣಗೆ. ಕಾಕಾ ಡಬ್ಬಿ ಮೇಲೆ ಕೈ ಇಟ್ಟುಕೊಂಡು "ಹಾಂ, ಇದೇ ನೋಡ್ರಿ, ಇದೇ!" ಅಂತ ಕಳ್ಳನನ್ನು ಹಿಡಿದವರ ಹಾಗೆ ಕೂಗಿದರು. ನಿದ್ದೆ ಕೆಟ್ಟದ್ದು ಅವರಿಗೆ ಮರೆತೇ ಹೋಗಿತ್ತು.

ಮೇಲೆ ಬಂದು ಟೇಪ್ ಹಿಡಿದೆ. ನಮ್ಮ ಹಾಲ್‌ನ ಅಗಲ ಹನ್ನೆರಡಡಿ. ಎರಡು ಗೋಡೆ ನಡುವೆ ಒಂದು ಅಲೆಯ ಅರ್ಧ ಸರಿಯಾಗಿ ಕೂತರೆ ಆ ಸ್ವರ ಕೋಣೆಯಲ್ಲಿ ಉಬ್ಬುತ್ತದೆ. ಹನ್ನೆರಡಡಿಗೆ ಲೆಕ್ಕ ಹಾಕಿದರೆ 47ರ ಆಸುಪಾಸು. ಮೂಲೆಯಲ್ಲಿಟ್ಟು ಅದನ್ನು ಇನ್ನಷ್ಟು ಕೊಬ್ಬಿಸಿದವನು ನಾನೇ. ಡಬ್ಬಿಯನ್ನು ಮೂಲೆಯಿಂದ ನಾಲ್ಕಡಿ ಆಚೆ ತಂದೆ. ವಾಷಿಂಗ್ ಮಷಿನ್ ಕೆಳಗಿನ ರಬ್ಬರ್ ಮ್ಯಾಟ್ ಎಳೆದು, ಅದರ ಮೇಲೆ ಮೆಟ್ಟಿಲ ಕೆಳಗೆ ಬಿದ್ದಿದ್ದ ಶಹಾಬಾದ್ ಪರ್ಸಿ ಕಲ್ಲಿನ ತುಂಡು, ಅದರ ಮೇಲೆ ಡಬ್ಬಿ. ಹೀಗೆ ಮಾಡಿದರೆ ಡಬ್ಬಿಯ ನಡುಕ ನೇರ ನೆಲಕ್ಕೆ ಇಳಿಯುವುದು ಕಡಿಮೆ. ಆದರೆ ಗಾಳಿಯಲ್ಲಿ ಹೋಗುವ ಬೇಸ್‌ಗೆ ಮ್ಯಾಟೂ ಇಲ್ಲ, ಪರ್ಸಿಯೂ ಇಲ್ಲ. ಅದಕ್ಕೆ ಮದ್ದು ಒಂದೇ, ಗುಂಡಿ ತಿರುಗಿಸಿ ಇಳಿಸುವುದು. ಇಳಿಸಿದೆ. ಮನಸ್ಸಿಲ್ಲದ ಮನಸ್ಸಿನಿಂದ. ತೊಗರಿ ಡಬ್ಬಿ ಸುಮ್ಮನಾಗುವ ತನಕ ಕಾಕಾ ಫೋನ್‌ನಲ್ಲಿ "ಇನ್ನಷ್ಟು, ಇನ್ನಷ್ಟು" ಅನ್ನುತ್ತಲೇ ಇದ್ದರು. ಮಧ್ಯಾಹ್ನ ಎರಡರಿಂದ ನಾಲ್ಕು ಮತ್ತು ರಾತ್ರಿ ಹತ್ತರ ನಂತರ ವೂಫರ್ ಬಂದ್ ಅಂತ ಒಪ್ಪಂದ. ರಾತ್ರಿ ಹತ್ತು ಅನ್ನುವುದು ಶಬ್ದ ಮಾಲಿನ್ಯದ 2000ದ ನಿಯಮದಲ್ಲೇ ಇದೆ, ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಮಧ್ಯಾಹ್ನದ್ದು ನಮ್ಮ ಕಲಬುರಗಿ ನಿಯಮ.

ಇವತ್ತು ಬೆಳಿಗ್ಗೆ ಹೊಸ ತಕರಾರು, ಎಲ್ಲ ಡಬ್ಬಿಗಳಿಂದ ಜೇನುಹುಳದ ಗುಂಯ್ ಸದ್ದು. ಕೇಬಲ್ ಟಿವಿಯ ತಂತಿ ಸೆಟ್‌ಟಾಪ್ ಬಾಕ್ಸ್‌ನಿಂದ ಕಿತ್ತರೆ ಗುಂಯ್ ನಿಂತಿತು, ಚುಚ್ಚಿದರೆ ಶುರು. ಎರಡು ಕಡೆಯಿಂದ ಅರ್ಥಿಂಗ್ ಬಂದು ಸುತ್ತು ಹೊಡೆಯುತ್ತಿದೆ. ತಂತಿಗೆ ಆ ಸುತ್ತು ಕಡಿಯುವ ಒಂದು ಐಸೊಲೇಟರ್ ಹಾಕಬೇಕು. ರಿಸೀವರ್‌ನ ಅರ್ಥ್ ಪಿನ್ ಮುರಿದುಬಿಡು ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಶಾಕ್‌ನಿಂದ ಕಾಯುವುದೇ ಆ ಪಿನ್.

ಇಷ್ಟಾದರೂ ಅವ್ವನಿಗೆ ಮಾತು ಪೂರ್ತಿ ಬಿಡಿಸಿ ಕೇಳುತ್ತಿರಲಿಲ್ಲ. ಚಪ್ಪಾಳೆ ತಟ್ಟಿ ನೋಡಿದೆ. ಚಟ್ ಅಂದದ್ದು ಚಟ್‌ಟ್‌ಟ್ ಅಂತ ವಾಪಸ್ ಬಂತು. ಕೆಳಗೆ ಟೈಲ್ಸ್, ಸುತ್ತ ಬರೀ ಗೋಡೆ, ಮಾತು ಚೆಂಡಿನ ಹಾಗೆ ಪುಟಿಯುತ್ತಿದೆ. ಈ ಪ್ರತಿಧ್ವನಿ ನುಂಗಲು ಫೋಮ್ ಹಲಗೆ ಸಿಗುತ್ತದೆ, ಆದರೆ ನನ್ನ ಬಜೆಟ್ ಆಗಲೇ ನಾನೂರು ಸಾಲದಲ್ಲಿದೆ. ಆಗ ಕಣ್ಣಿಗೆ ಬಿದ್ದದ್ದು ಅವ್ವನ ಹಾಸಿಗೆ ಮೇಲಿನ ಕೌದಿ. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಖಾಕಿ ಚಡ್ಡಿ, ಆರೇಳು ಪದರ ಹಳೇ ಬಟ್ಟೆ ಒತ್ತೊತ್ತಾಗಿ ಹೊಲಿದದ್ದು. ದಿವಾನ್ ಹಿಂದಿನ ಗೋಡೆಗೆ ಪರದೆಯ ಕೋಲು ಕಟ್ಟಿ, ಗೋಡೆಯಿಂದ ಎರಡಿಂಚು ಬಿಟ್ಟು ಇಳಿಬಿಟ್ಟೆ. ಆ ಸಂದು ಇದ್ದರೆ ಬಟ್ಟೆ ಇನ್ನೂ ಚೆನ್ನಾಗಿ ಹೀರುತ್ತದೆ. ಬೇಸ್‌ಗೆ ಕೌದಿಯಿಂದ ಏನೂ ಆಗಲ್ಲ. ಸ, ಶ, ಚ ಅನ್ನುವ ಚೂಪು ಸದ್ದುಗಳಿಗೆ ಆಗುತ್ತದೆ, ಮಾತು ತಿಳಿಯುವುದೇ ಅವುಗಳಿಂದ. ಚಪ್ಪಾಳೆ ತಟ್ಟಿದೆ. ಚಟ್. ಅಷ್ಟೇ. ಸೆಂಟರ್ ಸ್ಪೀಕರ್‌ನ ಮೂತಿ ತುಸು ಮೇಲೆತ್ತಿ, 3 ಡೆಸಿಬಲ್ ಏರಿಸಿದೆ.

ಸಂಜೆ ಏಳಕ್ಕೆ ಎಲ್ಲರೂ ಕೂತೆವು. ಕಾಕಾನೂ ಬಂದರು, ಕೈಯಲ್ಲಿ ಒಂದು ಬಟ್ಟಲು ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ. ನಾನು ಹೆಲಿಕಾಪ್ಟರ್ ಹಿಂದಿನಿಂದ ಮುಂದೆ ಹಾರುವ ಸಿನಿಮಾ ತೆಗೆದಿಟ್ಟಿದ್ದೆ. ಅವ್ವ ಬ್ಯಾಡ ಅಂದಳು. ಹಳೇ ಕಪ್ಪು ಬಿಳುಪು ಕನ್ನಡ ಚಿತ್ರವೇ ಬೇಕು. ಅದು ಮೋನೋ ಕಾಲದ್ದು. ಎಡಕ್ಕೂ ಬಲಕ್ಕೂ ಒಂದೇ ಸದ್ದು ಇದ್ದರೆ ರಿಸೀವರ್‌ನ ಸರೌಂಡ್ ಮೋಡ್ ಅಷ್ಟನ್ನೂ ಸೆಂಟರ್‌ಗೇ ಕಳಿಸುತ್ತದೆ. ಎರಡೂವರೆ ಗಂಟೆ 2,500 ರೂಪಾಯಿಯ ಒಂದೇ ಡಬ್ಬಿ ಮಾತಾಡಿತು. ಉಳಿದ ನಾಲ್ಕು ಸ್ಪೀಕರ್ ನಮ್ಮ ಜೊತೆ ಕೂತು ಸಿನಿಮಾ ನೋಡಿದವು.

ಅವ್ವ ಒಂದೇ ಒಂದು ಸಲವೂ "ಏನಂದ?" ಅಂತ ಕೇಳಲಿಲ್ಲ. ನಡುವೆ ನಾಯಕಿಯ ತಾಯಿ ಮೆಲ್ಲಗೆ ಏನೋ ಗೊಣಗಿದಳು. ನನಗೆ ತಪ್ಪಿಹೋಯಿತು, ಅವ್ವ ನಕ್ಕಳು.

ಮಲಗಲು ಹೋಗುವಾಗ ಗೋಡೆ ಹತ್ತಿರ ನಿಂತು ಕೌದಿಯ ಅಂಚು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಮಳಿಗಾಲ ಹತ್ತೂದ್ರಾಗ ನನ್ನ ಕೌದಿ ನನಗ ಬೇಕು ನೋಡು" ಅಂದಳು. ಮಳೆಗೆ ಇನ್ನು ಎರಡು ತಿಂಗಳೂ ಇಲ್ಲ. ಶಹಾಬಾದ್‌ನಲ್ಲಿ ಅತ್ತೆಯ ಹತ್ತಿರ ಎರಡು ಕೌದಿ ಇರಬೇಕು, ನಾಳೆ ಆಫೀಸ್ ಬಿಟ್ಟ ಮೇಲೆ ಫೋನ್ ಹಚ್ಚಿ ಕೇಳುತ್ತೇನೆ.