ಸ್ಟೂಲಿನ ಕಾಲಿನಲ್ಲಿ ಹುಟ್ಟಿದ ದೊಡ್ಡ ಗೊಂಡೆ

ಪಾಂಪಾಂ ಅಂದರೆ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. "ಉಲ್ಲನ್ ಗೊಂಡೆ" ಅಂದ ಕೂಡಲೇ ಅಮ್ಮನಿಗೆ ಅರ್ಥವಾಯಿತು. ಉಡುಪಿಯಲ್ಲಿ ಚೆಂಡು ಹೂವಿಗೂ ಗೊಂಡೆ ಹೂವು ಅಂತಲೇ ಹೇಳುತ್ತೇವಲ್ಲ, ಆಕಾರವೂ ಅದೇ. ನನ್ನ ಯೋಜನೆ ಇಷ್ಟು: ಈ ದೀಪಾವಳಿಗೆ ಗೂಡುದೀಪದ ಕೆಳಗೆ ಕಾಗದದ ಬಾಲದ ಬದಲು ಒಂದಡಿ ಅಗಲದ ಉಲ್ಲನ್ ಗೊಂಡೆಗಳು ನೇತಾಡಬೇಕು. ಕಾಗದದ ಬಾಲ ಪ್ರತಿ ವರ್ಷ ಒಂದು ಮಳೆಗೆ ಚಿಂದಿ ಆಗುತ್ತದೆ, ನೋಡಿ ನೋಡಿ ಸಾಕಾಗಿದೆ.

ಜುಲೈ ಮೊದಲ ವಾರ. ಹೊರಗೆ ಕಾಲಿಡಲಾಗದ ಮಳೆ. ರಟ್ಟಿನ ಎರಡು ಬಳೆ ಕತ್ತರಿಸಿ, ಜೋಡಿಸಿ, ನೂಲು ಸುತ್ತಿ, ಅಂಚಿನಲ್ಲಿ ಕತ್ತರಿಸಿ, ಬಳೆಗಳ ನಡುವೆ ಕಟ್ಟಿ ನಾಲ್ಕು ಇಂಚಿನ ಒಂದು ಸಣ್ಣ ಗೊಂಡೆ ಮಾಡಿದೆ. ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ಬಂತು. ಗಟ್ಟಿಯಾಗಿ, ದುಂಡಗೆ, ಚೆನ್ನಾಗಿಯೇ ಇತ್ತು. ಹನ್ನೆರಡು ಇಂಚು ಅಂದರೆ ಮೂರು ಪಟ್ಟು, ಹಾಗಾದರೆ 90 ಗ್ರಾಂ ಸಾಕು ಅಂತ ಲೆಕ್ಕ ಹಾಕಿ 100 ಗ್ರಾಮಿನ ಒಂದು ಉಂಡೆ ತಂದೆ.

ಆಗಿದ್ದು ಗೊಂಡೆ ಅಲ್ಲ, ಮಳೆಯಲ್ಲಿ ನೆನೆದ ಕೋಳಿ. ಎಳೆಗಳು ಉದ್ದ, ಪಕ್ಕದಲ್ಲಿ ಆಧಾರ ಇಲ್ಲ, ಎಲ್ಲವೂ ಕೆಳಗೆ ಜೋತುಬಿದ್ದವು. ತಮ್ಮ ನೋಡಿ ನಕ್ಕು, ಅಗಲ ಮೂರು ಪಟ್ಟಾದರೆ ಗೊಂಡೆಯ ಒಳಗಿನ ಜಾಗ ಮೂರು ಮೂರಲ ಒಂಬತ್ತು, ಒಂಬತ್ತು ಮೂರಲ 27 ಪಟ್ಟು ಅಂತ ಹೇಳಿದ. 30 ಗ್ರಾಮಿಗೆ 27 ಪಟ್ಟು ಅಂದರೆ 810 ಗ್ರಾಂ! ಅಷ್ಟೇ ಒತ್ತಾಗಿ ಬೇಕಾದರೆ ಮಾತ್ರ, ಸ್ವಲ್ಪ ಸಡಿಲ ಇದ್ದರೂ ನಡೆಯುತ್ತದೆ ಅಂತ ನಾನೇ ಸಮಾಧಾನ ಮಾಡಿಕೊಂಡು ಆರು ಉಂಡೆಗೆ ಇಳಿಸಿದೆ. ಅಕ್ರಿಲಿಕ್ಕೇ, ಅಂದರೆ ಕೃತಕ ಉಲ್ಲನ್ನೇ ತಂದೆ. ಹತ್ತಿ ನೂಲು ತೇವ ಹೀರುತ್ತದೆ, ಮಳೆಗಾಲದಲ್ಲಿ ನಾಲ್ಕೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ.

ಇಷ್ಟು ದೊಡ್ಡದಕ್ಕೆ ರಟ್ಟು ನಡೆಯುವುದಿಲ್ಲ, ಬಾಗಿಹೋಗುತ್ತದೆ. ಅಡುಗೆಮನೆಯ ಮರದ ಸ್ಟೂಲ್ ತಲೆಕೆಳಗೆ ಇಟ್ಟು ಎರಡು ಕಾಲಿಗೆ ಸುತ್ತಿದೆ. ಕಾಲುಗಳ ನಡುವೆ ಸರಿಯಾಗಿ ಹನ್ನೆರಡು ಇಂಚು ಇದೆ. ಒಂದೇ ಎಳೆ ಸುತ್ತಿದರೆ ಎರಡು ಸಾವಿರ ಸುತ್ತು ಬೇಕಾಗುತ್ತಿತ್ತು. ನಾಲ್ಕು ಉಂಡೆಗಳ ತುದಿ ಒಟ್ಟಿಗೆ ಹಿಡಿದು ಸುತ್ತಿದ್ದರಿಂದ ಐನೂರರಲ್ಲಿ ಮುಗಿಯಿತು. ಉಂಡೆಗಳನ್ನು ಬೇರೆಬೇರೆ ಪಾತ್ರೆಯಲ್ಲಿ ಇಡಿ, ಇಲ್ಲದಿದ್ದರೆ ಸುತ್ತುವುದಕ್ಕಿಂತ ಸಿಕ್ಕು ಬಿಡಿಸುವುದೇ ಜಾಸ್ತಿ ಆಗುತ್ತದೆ. ನನಗೆ ಒಂದು ಇಡೀ ಮಧ್ಯಾಹ್ನ ಹೋಯಿತು.

ಆಮೇಲೆ ಅದೇ ಉಲ್ಲನ್ನಿನಿಂದ ನಡುವೆ ಕಟ್ಟಿ, ಎರಡೂ ಬದಿ ಕತ್ತರಿಸಿದೆ. ಕೊನೆಯ ಎಳೆ ಕತ್ತರಿಸುವಾಗ ಟಪ್ ಅಂತ ಕಟ್ಟು ಹರಿಯಿತು. 600 ಗ್ರಾಂ ನೂಲು ಸಿಟೌಟಿನ ತುಂಬ. ಅಳು ಬರುವುದೊಂದು ಬಾಕಿ.

ಪಕ್ಕದ ಮನೆಯ ಅಣ್ಣ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹಾಗಾಗಿ ಅವರು ಮನೆಯಲ್ಲೇ ಕೂತು ಬಲೆ ರಿಪೇರಿ ಮಾಡುತ್ತಿದ್ದರು.

"ಎಂಥ ಮಾರಾಯ್ತಿ ಇದು, ಕುರಿ ಬೋಳಿಸಿದ್ದಾ?"

"ಸುಮ್ನಿರಿ ಅಣ್ಣ, ಎಲ್ಲ ಹಾಳಾಯಿತು."

"ಹಾಳೆಲ್ಲಿ ಆಯಿತು? ಎಲ್ಲ ಒಂದೇ ಉದ್ದ ಇದೆಯಲ್ಲ. ಸಾಲಾಗಿ ಜೋಡಿಸು, ನಾನು ಕಟ್ಟಿ ಕೊಡ್ತೇನೆ."

ನನಗೆ ಇದು ಹೊಳೆದೇ ಇರಲಿಲ್ಲ. ಪೇಪರ್ ಹಾಸಿ ಎಳೆಗಳನ್ನು ಹುಲ್ಲಿನ ಕಟ್ಟಿನ ಹಾಗೆ ಜೋಡಿಸಿದೆವು. ಅವರು ಬಲೆಯ ನೈಲಾನ್ ನೂಲು ತಂದರು. ಹುರಿ ಮಾಡಿದ ನೂಲೇ ಆಗಬೇಕು, ಗಾಳದ ಒಂಟಿ ಎಳೆ ನುಣುಪು, ಗಂಟು ಜಾರುತ್ತದೆ ಅಂದರು. ಮಾಮೂಲಿ ಗಂಟಿನಲ್ಲಿ ತುದಿಯನ್ನು ಒಂದು ಸಲ ತೂರಿಸುತ್ತೇವಲ್ಲ, ಅವರು ಎರಡು ಸಲ ತೂರಿಸಿ ಎಳೆದರು. ಆಗ ಮೊದಲ ಗಂಟು ತಾನೇ ಹಿಡಿದುಕೊಳ್ಳುತ್ತದೆ, ಎರಡನೆಯದು ಹಾಕುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕಾಗಿಲ್ಲ. ಕೈ ಕೊಯ್ಯದ ಹಾಗೆ ನೂಲಿನ ಎರಡು ತುದಿಗೂ ಒಂದೊಂದು ಚಮಚ ಕಟ್ಟಿ ಇಬ್ಬರೂ ಎದುರುಬದುರು ಕೂತು ಎಳೆದೆವು. ತೊಡೆಯಷ್ಟು ದಪ್ಪ ಇದ್ದ ಕಟ್ಟು ನಡುವೆ ಮಣಿಕಟ್ಟಿನಷ್ಟಾಯಿತು. ಬಿಗಿದಷ್ಟೂ ತುದಿಗಳು ತಾವಾಗಿಯೇ ಸುತ್ತ ಅರಳುತ್ತವೆ. ಉಲ್ಲನ್ ಎಷ್ಟು ಹಾಕಿದೆ ಅಂತ ತಲೆ ಕೆಡಿಸಿಕೊಂಡಿದ್ದೆ, ಗಂಟಿನ ಬಗ್ಗೆ ಯೋಚನೆಯೇ ಮಾಡಿರಲಿಲ್ಲ ನೋಡಿ.

ಕತ್ತರಿ ಕೆಲಸ ಎರಡು ದಿನ. ಟೈಲರ್ ಕತ್ತರಿಯೇ ಬೇಕು. ಒಂದೇ ಕಡೆ ಕತ್ತರಿಸುತ್ತಾ ಕೂತರೆ ಅಲ್ಲಿ ಗುಂಡಿ ಬೀಳುತ್ತದೆ, ತಿರುಗಿಸುತ್ತಾ, ಕೊಡವುತ್ತಾ, ಸ್ವಲ್ಪಸ್ವಲ್ಪವೇ ತೆಗೆಯಬೇಕು. ಹತ್ತೂವರೆ ಇಂಚಿಗೆ ಇಳಿಸಿದ ಮೇಲೆ ದುಂಡಗಾಯಿತು. ಕತ್ತರಿಸಿದ ಚೂರು 70 ಗ್ರಾಂ, ಅದು ದಿಂಬಿನೊಳಗೆ ಹೋಯಿತು. ಕಡೆಗೆ ಇಡ್ಲಿ ಪಾತ್ರೆಯ ಹಬೆಗೆ ದೂರದಿಂದ ಹಿಡಿದೆ. ಹಬೆಗೆ ಎಳೆಗಳ ಹುರಿ ಬಿಚ್ಚಿ ತುಂಬಿಕೊಂಡ ಹಾಗೆ ಕಾಣುತ್ತದೆ. ಇಸ್ತ್ರಿ ಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ, ಅಕ್ರಿಲಿಕ್ ಚಪ್ಪಟೆಯಾಗಿ ಸತ್ತುಹೋಗುತ್ತದೆ. (ಇಡ್ಲಿಯಲ್ಲಿ ಕೆಂಪು ನೂಲು ಸಿಕ್ಕಿದ ವಿಷಯ ಇಲ್ಲಿ ಬೇಡ.)

ಕೃಷ್ಣಾಷ್ಟಮಿ, ಮರುದಿನ ಮೊಸರುಕುಡಿಕೆ ಒಡೆಯುವ ವಿಟ್ಲಪಿಂಡಿ, ಈ ಗೌಜಿಯಲ್ಲಿ ಕೆಲಸ ನಿಂತಿತ್ತು. ಹುಲಿವೇಷದ ತಾಸೆ ವಾದ್ಯ ಕೇಳುವಾಗ ಯಾರಿಗೆ ಕತ್ತರಿ ಹಿಡಿಯುವ ಮನಸ್ಸು? ಅದು ಮುಗಿದ ಮೇಲೆ ಹೋದ ವರ್ಷದ ಗೂಡುದೀಪ ಇಳಿಸಿ ಗೊಂಡೆ ಕಟ್ಟಿ ನೋಡಿದೆ. ಅರ್ಧ ಕಿಲೋ ಭಾರಕ್ಕೆ ಬಿದಿರಿನ ಕಡ್ಡಿ ಬಿಲ್ಲಿನ ಹಾಗೆ ಬಾಗಿತು. ಹಾಗಾಗಿ ಈಗ ಬಲೆಯ ನೂಲನ್ನು ಗೂಡುದೀಪದ ನಡುವಿನಿಂದ ಮೇಲಕ್ಕೆ ತೂರಿಸಿ ನೇರ ಸಿಟೌಟಿನ ಕೊಕ್ಕೆಗೆ ಕಟ್ಟಿದ್ದೇನೆ. ಭಾರ ಕೊಕ್ಕೆಗೆ, ಚಂದ ಗೂಡುದೀಪಕ್ಕೆ. ಒಳಗೆ ಎಲ್‌ಇಡಿ ಬಲ್ಬ್ ಮಾತ್ರ, ಹಳೆಯ ಬಿಸಿ ಬಲ್ಬ್ ಕಾಗದದ ಹತ್ತಿರವೂ ಬೇಡ, ಉಲ್ಲನ್ ಹತ್ತಿರವೂ ಬೇಡ. ಸಿಟೌಟಿನಿಂದ ಹೊರಗೆ ಹಾಕುವುದಿಲ್ಲ. ಎಳೆಗಳ ನಡುವೆ ನೀರು ನಿಂತರೆ ಅರ್ಧ ಕಿಲೋ ಎಷ್ಟಾಗುತ್ತದೋ ಏನೋ.

ಕೆಂಪು ಒಂದು ಆಯಿತು. ಇನ್ನು ಹಳದಿ ಎರಡು ಬಾಕಿ. ಮೊದಲನೆಯದು 210 ಸುತ್ತಿಗೆ ನಿಂತಿದೆ, ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಲು ಅಮ್ಮನಿಗೆ ಸ್ಟೂಲ್ ಬೇಕಂತೆ.